ಕೂರಲು ಬಾರದ ಕಂಡಕ್ಟರ್

ನಮ್ಮ ಭಾವ ಬಸ್ಸಿನಲ್ಲಿ ಕೂತದ್ದನ್ನು ನಾನು ಮೊನ್ನೆ ಮೊನ್ನೆಯವರೆಗೆ ನೋಡಿಯೇ ಇರಲಿಲ್ಲ. ಅವರು ಸಿಟಿ ಬಸ್ಸಿನ ಕಂಡಕ್ಟರ್. ರಿಟೈರ್ ಆದರು ಅನ್ನುವುದು ಊರಿಗೆಲ್ಲ ಗೊತ್ತು, ಅವರ ಕಾಲಿಗೆ ಮಾತ್ರ ಗೊತ್ತಿಲ್ಲ. ಡ್ಯೂಟಿಯಲ್ಲಿದ್ದಾಗ ನಿಂತಿದ್ದರು, ಸರಿ, ಸಂಬಳ ಕೊಡುತ್ತಿದ್ದುದೇ ಅದಕ್ಕೆ. ರಜೆ ಹಾಕಿ ನೆಂಟರ ಮನೆಗೆ ಹೊರಟರೂ ಅದೇ ಹಣೆಬರಹ. ಬಸ್ಸು ಹತ್ತಿದ ಕೂಡಲೇ ಹೆಂಡತಿಗೆ ಒಂದು ಸೀಟು ತೋರಿಸಿ, ತಾವು ಹೋಗಿ ಆ ಬಸ್ಸಿನ ಕಂಡಕ್ಟರ್ ಜೊತೆ ಬಾಗಿಲಲ್ಲಿ ನಿಂತುಬಿಡುವರು. ಇಬ್ಬರೂ ಸೇರಿ ಡಿಪೋ ಮ್ಯಾನೇಜರನ್ನು ಬೈಯುತ್ತಾ ಊರು ತಲುಪಿಸುವರು.

ಮದುವೆಯಾದ ಮಾರನೇ ದಿನ ಅಕ್ಕನನ್ನು ಗಂಡನ ಮನೆಗೆ ಬಸ್ಸಿನಲ್ಲೇ ಕರೆದುಕೊಂಡು ಹೋದರು. ನಾನೂ ಜೊತೆಗಿದ್ದೆ, ಆಗಿನ್ನೂ ಫ್ರಾಕು ಹಾಕುವ ವಯಸ್ಸು. ಮದುಮಗಳ ಪಕ್ಕದ ಸೀಟಿನಲ್ಲಿ ಕೂತಿದ್ದು ಯಾರು ಅಂತೀರಿ? ಒಂದು ತಗಡಿನ ಟ್ರಂಕು! ಮದುಮಗ ಹಿಂದಿನ ಬಾಗಿಲಲ್ಲಿ ನಿಂತು ಯಾರದೋ ಮೂಟೆ ಇಳಿಸಿಕೊಡುತ್ತಿದ್ದರು. ಆಮೇಲೆ ಅಕ್ಕ ತವರಿಗೆ ಬರುವಾಗೆಲ್ಲ ಅವರದೇ ಬಸ್ಸು. ಎಲ್ಲರಿಗೂ ಹರಿದುಕೊಟ್ಟ ಹಾಗೆ ಅವಳಿಗೂ ಟಿಕೆಟ್ ಹರಿದುಕೊಟ್ಟು, "ಮುಂದೆ ಹೋಗಮ್ಮ" ಅನ್ನುವರು. ಕಟ್ಟಿಕೊಂಡ ಹೆಂಡತಿಗೆ! ಬೇರೆ ಯಾವಳಾದರೂ ಆಗಿದ್ದರೆ ಟಿಕೆಟ್ಟನ್ನು ಮುಖದ ಮೇಲೆ ಎಸೆಯುತ್ತಿದ್ದಳು. ನಮ್ಮಕ್ಕ ಮಡಿಸಿ ಪರ್ಸಿನಲ್ಲಿ ಇಟ್ಟುಕೊಳ್ಳುತ್ತಿದ್ದಳು.

ನಾನು ಟೈಲರ್. ಮದುವೆ ಆಗಲಿಲ್ಲ, ಆಗಲಿಲ್ಲವಲ್ಲ ಅಂತ ಕೊರಗಲೂ ಇಲ್ಲ. ಅಕ್ಕನ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ನನ್ನ ಬಾಯಿ ನಿಲ್ಲುವುದಿಲ್ಲ ಅಂತ ಭಾವ ನನಗಿಟ್ಟ ಹೆಸರು ಹೊಲಿಗೆ ಮಿಷನ್ನು. ಇಡಲಿ ಬಿಡಿ, ಮಿಷನ್ನಿಗೆ ಎಣ್ಣೆ ಬಿಡುವವರೂ ಅವರೇ.

ಅಕ್ಕನ ಮಗಳು ಟ್ರಾವೆಲ್ ಏಜೆನ್ಸಿಯಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ರಿಟೈರ್ ಆಗಿದ್ದಕ್ಕೆ ಉಡುಗೊರೆ ಅಂತ ಒಂದು ಫಾರಿನ್ ಟ್ರಿಪ್ಪು ಹೊಂದಿಸಿಕೊಟ್ಟಳು. ವಿಮಾನ ಮತ್ತು ಮೂರು ಮಂಚದ ಒಂದು ರೂಮು, ಅಷ್ಟೇ. ಕಾರಿಲ್ಲ, ಗೈಡಿಲ್ಲ. "ಅಲ್ಲಿ ಬಸ್ಸು, ಟ್ರಾಮು, ರೈಲು ಎಲ್ಲಾ ಚೆನ್ನಾಗಿದೆ. ಒಂದು ಕಾರ್ಡ್ ತಗೊಂಡ್ರೆ ಇಡೀ ಊರು ಸುತ್ತಬಹುದು. ಅಪ್ಪಂಗೆ ಬಸ್ಸಿಗಿಂತ ಬೇರೆ ಖುಷಿ ಏನಿದೆ?" ಅಂದಳು. ಮೂರನೇ ಮಂಚ ಖಾಲಿ ಬಿಡುವುದೇಕೆ ಅಂತ ನನ್ನನ್ನೂ ಸೇರಿಸಿದಳು.

ಸೂಟ್‌ಕೇಸು ತುಂಬುವಾಗ ಅಕ್ಕ ಸ್ವೆಟರ್ ಮಡಿಸುತ್ತಾ ಮಡಿಸುತ್ತಾ ಕೈ ನಿಲ್ಲಿಸಿದಳು.

"ನಂಗೆ ಅಲ್ಲಿ ನೋಡೋದು ಗೀಡೋದು ಏನೂ ಬೇಡ ಕಣೇ. ಒಂದೇ ಒಂದ್ಸಲ, ಬಸ್ಸಲ್ಲಿ ಕಿಟಕಿ ಪಕ್ಕ ನಾನು ಕೂತಿರ್ಬೇಕು, ನನ್ನ ಪಕ್ಕ ಅವ್ರು ಕೂತಿರ್ಬೇಕು. ಅಷ್ಟಾದ್ರೆ ಸಾಕು ನಂಗೆ."

"ಅಷ್ಟಕ್ಕೆ ವಿಮಾನ ಹತ್ತಿ ಹೋಗ್ಬೇಕಾ? ಈಗ್ಲೇ ಹೇಳ್ತೀನಿ ಇರು ಭಾವಂಗೆ."

"ಹೇಳಿದ್ರೆ ನನ್ನಾಣೆ! ಹೇಳಿ ಕೂರಿಸ್ಕೊಳ್ಳೋ ಹಾಗಿದ್ರೆ ಇಷ್ಟು ವರ್ಷ ನಂಗೆ ಬಾಯಿರ್ಲಿಲ್ವಾ? ಅಲ್ಲಿ ಯಾರೂ ಅವರ ಗುರುತಿನೋರಿಲ್ಲ. ತಾವಾಗೇ ಕೂರ್ತಾರೆ ನೋಡ್ತಿರು."

ನಾನು ಬಾಯಿಗೆ ಬೀಗ ಹಾಕಿಕೊಂಡೆ. ನನಗದು ಎಷ್ಟು ಕಷ್ಟ ಅಂತ ನಮ್ಮ ಬೀದಿಯವರನ್ನು ಕೇಳಿ. ವಿಮಾನದಲ್ಲಂತೂ ಮೂವರಿಗೂ ಬೇರೆ ಬೇರೆ ಸಾಲಿನಲ್ಲಿ ಸೀಟು ಬಂತು. ಬೆಲ್ಟು ಹಾಕಿ ಕಟ್ಟಿಹಾಕಿದ್ದರಿಂದ ಭಾವ ಕೂತರು, ಆದರೆ ಅದನ್ನು ಕೂತದ್ದು ಅನ್ನುವುದಕ್ಕಿಂತ ಸಿಕ್ಕಿಬಿದ್ದದ್ದು ಅನ್ನಬೇಕು. ಟ್ರೇ ಹಿಡಿದು ಓಡಾಡುವ ಹುಡುಗಿಯರನ್ನು ದಾರಿಯುದ್ದಕ್ಕೂ ಹೊಟ್ಟೆಕಿಚ್ಚಿನಿಂದ ನೋಡುತ್ತಿದ್ದರು.

ಆ ಊರು ಚೆನ್ನಾಗಿತ್ತು, ಸುಳ್ಳೇಕೆ ಹೇಳಲಿ. ನಮ್ಮ ರೂಮು ಒಂದು ಬೇಕರಿಯ ಮೇಲಿತ್ತು, ಏಳುವ ಹೊತ್ತಿಗೆ ಬಿಸಿ ಬ್ರೆಡ್ಡಿನ ವಾಸನೆ. ಕಿಟಕಿ ತೆಗೆದರೆ ಎದುರಿಗೇ ಬಸ್ ಸ್ಟಾಪು. ಗಾಜಿನ ಗೋಡೆ, ಕಬ್ಬಿಣದ ಬೆಂಚು, ಯಾವ ಬಸ್ಸು ಎಷ್ಟು ನಿಮಿಷಕ್ಕೆ ಬರುತ್ತದೆ ಅಂತ ತೋರಿಸುವ ಬೋರ್ಡು. ಭಾವ ಹಲ್ಲುಜ್ಜುತ್ತಾ ಕಿಟಕಿಯಲ್ಲಿ ನಿಂತು, ಬೋರ್ಡು ಹೇಳಿದ ಹೊತ್ತಿಗೆ ಬಸ್ಸು ಬಂತೋ ಇಲ್ಲವೋ ಅಂತ ಉಸ್ತುವಾರಿ ನೋಡುವರು. ಬಂದರೆ ಬೇಜಾರು.

"ತಪ್ಪೇ ಮಾಡಲ್ವಲ್ಲೇ ಇವ್ರು!"

ಅವರಿಗೆ ಎಲ್ಲಕ್ಕಿಂತ ದೊಡ್ಡ ಆಘಾತ ಬೇರೆಯೇ ಇತ್ತು. ಅಲ್ಲಿ ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಮುಂದಿನ ಬಾಗಿಲಲ್ಲಿ ಹತ್ತಬೇಕು, ಕಂಬಕ್ಕೆ ಅಂಟಿಸಿದ ಮಿಷನ್ನಿಗೆ ಕಾರ್ಡು ತೋರಿಸಬೇಕು, ಅದು ಕುಂಯ್ ಅನ್ನುತ್ತದೆ, ಹೋಗಿ ಕೂರಬೇಕು. ಇಳಿಯುವ ಸ್ಟಾಪು ಬಂದಾಗ ಕೆಂಪು ಬಟನ್ ಒತ್ತಿ ಹಿಂದಿನ ಬಾಗಿಲಲ್ಲಿ ಇಳಿಯಬೇಕು. ಯಾರೂ ಯಾರನ್ನೂ ಕೇಳುವುದಿಲ್ಲ.

"ಹಂಗಾದ್ರೆ ನೋಡೋರ್ಯಾರು?" ಅಂದರು ಭಾವ, ಮನೆಯ ಬಾಗಿಲು ತೆರೆದಿಟ್ಟು ಬಂದವರ ಮುಖ ಮಾಡಿಕೊಂಡು.

"ಯಾರೂ ನೋಡಲ್ಲ ಭಾವ. ನೀವು ಬಂದು ಕೂತ್ಕೊಳ್ಳಿ."

ಕೂರುವುದಿರಲಿ, ಮೊದಲ ದಿನವೇ ಆ ಕುಂಯ್ ಅನ್ನುವ ಮಿಷನ್ನಿನ ಪಕ್ಕ ಜಾಗ ಮಾಡಿಕೊಂಡು ನಿಂತುಬಿಟ್ಟರು. ಕೋಟು ಟೈ ಹಾಕಿದ ಒಬ್ಬ ಮನುಷ್ಯ ಫೋನಿನಲ್ಲಿ ಮಾತಾಡುತ್ತಾ ಕಾರ್ಡು ತೋರಿಸದೆ ಒಳಗೆ ಬಂದ. ಭಾವ ಅವನ ಮುಂದೆ ಕೈ ಚಾಚಿ ನಿಂತರು. ಮಾತಿಲ್ಲ, ಕತೆಯಿಲ್ಲ, ಬರೀ ಅಂಗೈ. ಅವನು ಎಡಕ್ಕೆ ಸರಿದರೆ ಅಂಗೈಯೂ ಎಡಕ್ಕೆ. ಕೊನೆಗೆ ಅವನು ಕೆಂಪಗಾಗಿ ವಾಪಸ್ ಹೋಗಿ ಕಾರ್ಡು ತೋರಿಸಿ ಬಂದ. ಡ್ರೈವರ್ ಕನ್ನಡಿಯಲ್ಲಿ ನೋಡಿ ಹೆಬ್ಬೆರಳೆತ್ತಿ ತೋರಿಸಿದ. ಮುಗೀತು! ಆ ಹೆಬ್ಬೆರಳು ನಮ್ಮ ಟ್ರಿಪ್ಪನ್ನೇ ಹಾಳುಮಾಡಿತು. ಅಂದಿನಿಂದ ಭಾವನಿಗೆ ಮತ್ತೆ ನೌಕರಿ ಸಿಕ್ಕಂತಾಯಿತು.

ಯಾವ ಬಸ್ಸು ಹತ್ತಿದರೂ "ಮುಂದೆ ಹೋಗಿ, ಮುಂದೆ ಹೋಗಿ, ಮಧ್ಯದಲ್ಲಿ ಜಾಗ ಇದೆ" ಅಂತ ಅಚ್ಚ ಕನ್ನಡದಲ್ಲಿ ಹೇಳುವರು. ಆ ಜನ ತಬ್ಬಿಬ್ಬಾಗಿ ಮುಂದೆ ಹೋಗುತ್ತಿದ್ದರು! ಕಂಬಿ ಹಿಡಿಯದೆ, ಬಸ್ಸು ಎಷ್ಟು ವಾಲಿದರೂ ವಾಲದೆ ನಿಂತ ಅವರನ್ನು ನೋಡಿ ಒಬ್ಬ ಹುಡುಗಿ ಫೋಟೋ ತೆಗೆದುಕೊಂಡಳು. ನಗಬಾರದು ಅಂತ ಎಷ್ಟು ತಡೆದರೂ ನನಗೆ ನಗು ಬಂತು. ಆದರೆ ಅಕ್ಕನ ಕಡೆ ತಿರುಗಿದರೆ ಆ ನಗು ಗಂಟಲಲ್ಲೇ ನಿಲ್ಲುತ್ತಿತ್ತು. ಅವಳು ಪ್ರತಿ ಸಲವೂ ಜೋಡಿ ಸೀಟು ಹುಡುಕಿ, ಕಿಟಕಿಗೆ ಸರಿದು, ಪಕ್ಕದ ಜಾಗ ಖಾಲಿ ಬಿಟ್ಟು ಕೂರುವಳು. ಪ್ರತಿ ಸಲವೂ ಬೇರೆ ಯಾರಾದರೂ ಬಂದು ಕೂರುವರು. ಒಮ್ಮೆ ಕಿವಿಗೆ ವೈರು ಸಿಕ್ಕಿಸಿಕೊಂಡ ಹುಡುಗ, ಒಮ್ಮೆ ದೊಡ್ಡ ಪಿಟೀಲಿನ ಪೆಟ್ಟಿಗೆ ತಬ್ಬಿಕೊಂಡ ಹೆಂಗಸು. ಅಕ್ಕ ಅವರಿಗೆಲ್ಲ ಜಾಗ ಮಾಡಿಕೊಟ್ಟು ಮುಗುಳ್ನಗುವಳು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ನೆಲದ ಕೆಳಗಿನ ರೈಲಿನಲ್ಲಾದರೂ ಆದೀತು ಅಂದುಕೊಂಡೆ. ಆ ಓಡುವ ಮೆಟ್ಟಿಲ ಮೇಲೆ ಕಾಲಿಡಲು ಅಕ್ಕ ಹೆದರಿ ನಿಂತಳು. ಹಿಂದೆ ಅರ್ಧ ಊರು ನಿಂತಿತು. ಭಾವ ಅವಳ ಕೈ ಹಿಡಿದು, "ಒಂದು, ಎರಡು, ಇಡು ಕಾಲು!" ಅಂತ ಇಳಿಸಿಕೊಂಡು ಹೋದರು. ಕೈ ಹಿಡಿದದ್ದಕ್ಕೇ ಅಕ್ಕನ ಮುಖ ಅರಳಿತು. ಒಳಗೆ ಹೋದ ಮೇಲೆ ಅದೇ ಹಾಡು. ಅವಳು ಕೂತಳು, ಇವರು ಬಾಗಿಲಲ್ಲಿ ನಿಂತು ಇಳಿಯುವವರಿಗೆ ದಾರಿ ಬಿಡಿಸಿದರು.

ಇನ್ನೆರಡು ದಿನಕ್ಕೆ ವಾಪಸ್ ಹೊರಡಬೇಕು ಅನ್ನುವಾಗ ಗುಡ್ಡದ ಮೇಲಿನ ಹೂದೋಟ ನೋಡಲು ಹೊರಟೆವು. ಉದ್ದನೆಯ ರೂಟು, ಊರ ಈ ತುದಿಯಿಂದ ಆ ತುದಿಗೆ. ಅಕ್ಕ ಎಂದಿಗಿಂತ ಚೆನ್ನಾಗಿ ತಲೆ ಬಾಚಿಕೊಂಡಿದ್ದಳು. ಇವತ್ತು ಉದ್ದದ ದಾರಿ, ಎಷ್ಟು ಹೊತ್ತು ಅಂತ ನಿಂತಾರು, ಅನ್ನುವುದು ಅವಳ ಲೆಕ್ಕ.

ಪೇಟೆ ಬೀದಿ ನೋಡುತ್ತಾ ನಡೆದು, ನಮ್ಮ ರೂಮಿನಿಂದ ಮೂರ್ನಾಲ್ಕು ಸ್ಟಾಪು ಆಚೆ ಬಸ್ಸಿಗೆ ಕಾದೆವು. ಆ ಸ್ಟಾಪಿನಲ್ಲಿ ನಮ್ಮ ಜೊತೆ ಒಂದು ದಂಡೇ ಇತ್ತು. ಎಲ್ಲ ವಯಸ್ಸಾದವರು, ಕೈಯಲ್ಲಿ ಊರುಗೋಲು, ಚಕ್ರದ ಚೀಲ. ಬಸ್ಸು ಬಂದ ಕೂಡಲೇ ಅಕ್ಕ ಮೊದಲು ಹತ್ತಿ ಸೀಟು ಹಿಡಿದಳು. ಭಾವ ಕೆಳಗೆ ನಿಂತರು. "ಬನ್ನಿ ಬನ್ನಿ, ಒಬ್ಬೊಬ್ರೇ, ಆತುರ ಬೇಡ, ಚೀಲ ಇಲ್ಲಿ ಕೊಡಿ ಅಜ್ಜಿ." ಎಲ್ಲರನ್ನೂ ಕೈಹಿಡಿದು ಹತ್ತಿಸಿದರು. ನಾನೆಲ್ಲಿದ್ದೆ? ಸ್ಟಾಪಿನ ಪಕ್ಕದ ಅಂಗಡಿಯ ಗಾಜಿನೊಳಗೆ ಬಟನ್‌ಗಳನ್ನು ಜೋಡಿಸಿಟ್ಟಿದ್ದರು. ಮರದ್ದು, ಮುತ್ತಿನದ್ದು, ಕೊಂಬಿನದ್ದು. ಟೈಲರ್ ಕಣ್ಣು, ಎಲ್ಲಿಗೆ ಹೋಗುತ್ತದೆ ಹೇಳಿ! ಮೂಗು ಗಾಜಿಗೆ ತಾಗಿಸಿ ನಿಂತಿದ್ದೆ.

ಹಿಂದಿನಿಂದ ಧಡ್ ಧಡ್ ಅಂತ ಎರಡು ಸಲ ತಗಡು ಬಡಿದ ಸದ್ದು. "ರೈಟ್!" ಅನ್ನುವ ಕೂಗು.

ತಿರುಗಿ ನೋಡಿದೆ. ಭಾವ ಬಸ್ಸಿನ ಮಗ್ಗುಲಿಗೆ ಬಡಿದು, ರೈಟ್ ಕೊಟ್ಟು, ಹತ್ತಲು ಕೈ ಚಾಚಿದ್ದರು. ಜೀವಮಾನವೆಲ್ಲ ಹಾಗೇ ಮಾಡಿದವರು. ಎಲ್ಲರೂ ಹತ್ತಿದ ಮೇಲೆ ಕಂಡಕ್ಟರ್ ರೈಟ್ ಕೊಡಬೇಕು, ಬಸ್ಸು ಚಲಿಸಬೇಕು, ಆಮೇಲೆ ಅವನು ಕಂಬಿ ಹಿಡಿದು ಫುಟ್‌ಬೋರ್ಡಿಗೆ ಹಾರಬೇಕು. ಆ ಬಸ್ಸಿನ ಬಾಗಿಲಿಗೆ ಹೊರಗಡೆ ಕಂಬಿಯೂ ಇಲ್ಲ, ಫುಟ್‌ಬೋರ್ಡೂ ಇಲ್ಲ. ಬಾಗಿಲು ಉಸ್ಸೆಂದು ಮುಚ್ಚಿಕೊಂಡಿತು. ಡ್ರೈವರ್ ಥ್ಯಾಂಕ್ಸ್ ಅಂತ ಕೈಯೆತ್ತಿ, ಬಸ್ಸು ಹೊರಡಿಸಿಯೇಬಿಟ್ಟ. ಭಾವ ಗಾಳಿಯನ್ನು ಹಿಡಿದುಕೊಂಡು ನಾಲ್ಕು ಹೆಜ್ಜೆ ಓಡಿದರು. ಕಿಟಕಿಯಲ್ಲಿ ಅಕ್ಕನ ಮುಖ ಕಂಡಿತು, ಬಾಯಿ ತೆರೆದಿತ್ತು. ಬಸ್ಸು ತಿರುವಿನಲ್ಲಿ ಮಾಯವಾಯಿತು.

ಅಕ್ಕ ತನ್ನ ಇಡೀ ಜೀವನದಲ್ಲಿ ಒಬ್ಬಳೇ ಹೋದದ್ದು ತರಕಾರಿ ಅಂಗಡಿಗೆ ಮತ್ತು ತವರಿಗೆ. ಅವಳ ಫೋನು ರೂಮಿನಲ್ಲಿ ಚಾರ್ಜಿಗಿಟ್ಟಿತ್ತು. ಆ ಊರಿನ ಭಾಷೆಯ ಒಂದಕ್ಷರ ಬಾರದು.

"ಟ್ಯಾಕ್ಸಿ ಹಿಡೀರಿ ಭಾವ! ನಿಂತ್ಕೊಂಡು ಏನ್ ನೋಡ್ತಿದ್ದೀರಾ? ಹಿಂದೆ ಹೋಗೋಣ!"

ಭಾವನ ಮುಖದಲ್ಲಿ ರಕ್ತವಿರಲಿಲ್ಲ. ಆದರೂ ತಲೆಯಾಡಿಸಿದರು. "ಬೇಡ. ನಾವು ಹಿಂದೆ ಹೋಗಿ, ಅವಳು ಈ ಕಡೆ ಬಂದ್ರೆ ತಪ್ಪಿಹೋಗುತ್ತೆ. ಅವಳು ಇಳಿಯಲ್ಲ. ಹೋದ ಬಸ್ಸು ವಾಪಸ್ ಬರ್ಲೇಬೇಕು ಅಂತ ಅವಳಿಗೆ ಗೊತ್ತು. ನಾವು ಎದುರಿನ ಸ್ಟಾಪಲ್ಲಿ ಕಾಯೋಣ."

"ಲಾಸ್ಟ್ ಸ್ಟಾಪಲ್ಲಿ ಡ್ರೈವರ್ ಇಳಿಸ್ಬಿಟ್ರೆ?"

ರಸ್ತೆ ದಾಟಿದೆವು. ನಾನು ಬೆಂಚಿನ ಮೇಲೆ ಕೂತೆ, ಅವರು ಅಲ್ಲೂ ನಿಂತರು. ಅದನ್ನು ನೋಡಿದ್ದೇ ತಡ, ನನ್ನ ತಲೆ ಕೆಟ್ಟುಹೋಯಿತು. ಆಣೆ ಗೀಣೆ ಎಲ್ಲ ಗಾಳಿಗೆ ತೂರಿದೆ.

"ಕೂತ್ಕೊಳ್ಳಿ ಭಾವ! ಕೂತ್ರೆ ಏನು, ಕಾಲು ಮುರಿದು ಬೀಳುತ್ತಾ ನಿಮ್ದು? ಮದುವೆ ದಿನದಿಂದ ನೋಡ್ತಿದ್ದೀನಿ. ಊರಿನೋರಿಗೆಲ್ಲಾ ಸೀಟು ಕೊಡಿಸಿದ್ರಿ, ಕಟ್ಕೊಂಡೋಳ ಪಕ್ಕ ಒಂದು ದಿನ ಕೂತಿದ್ದೀರಾ? ಅವಳು ಇಷ್ಟು ದೂರ ಬಂದಿದ್ದು ಹೂವು ನೋಡೋಕಲ್ಲ. ಒಂದ್ಸಲ ಬಸ್ಸಲ್ಲಿ ನಿಮ್ಮ ಪಕ್ಕ ಕೂರ್ಬೇಕು ಅಂತ. ಅಷ್ಟೇ ಅವಳ ಆಸೆ. ಬೇರೆ ಏನೂ ಇಲ್ಲ. ನೀವೋ, ಅವಳನ್ನ ಹತ್ತಿಸಿ ರೈಟ್ ಕೊಟ್ಟು ಕಳಿಸಿದ್ರಿ!"

ಭಾವ ಬೆಂಚಿನ ತುದಿಗೆ ಕುಸಿದರು. ಒಂದು ಬಸ್ಸು ಬಂತು, ಅದೇ ನಂಬರು. ಎದ್ದು ಓಡಿದರು. ಅದು ಬೇರೆ ಬಸ್ಸು. ವಾಪಸ್ ಬಂದು ಕೂತರು.

"ಅವಳು ಒಂದ್ಸಲನೂ ಹೇಳ್ಲಿಲ್ವಲ್ಲಮ್ಮ."

"ಕೇಳಿ ಪಡ್ಕೊಳ್ಳೋದಾ ಅದು?"

"ನಂಗೆ ಬಸ್ಸಲ್ಲಿ ಕೂತ್ರೆ ಕಳ್ಳನ ಥರ ಅನ್ಸುತ್ತೆ," ಅಂದರು, ತಮ್ಮ ಚಪ್ಪಲಿಯನ್ನೇ ನೋಡುತ್ತಾ. "ಯಾರೋ ನಿಂತಿರ್ತಾರೆ, ನಾನು ಕೂತಿರ್ತೀನಿ. ಎಲ್ರೂ ನನ್ನೇ ನೋಡ್ತಿದ್ದಾರೆ ಅನ್ಸುತ್ತೆ. ಅವಳು ಕೂತಿದ್ದಾಳಲ್ಲ, ಅವಳಿಗೆ ಆರಾಮಾಗಿದೆಯಲ್ಲ, ಅಷ್ಟೇ ಸಾಕು ಅನ್ಕೊಂಡಿದ್ದೆ. ಅವಳಿಗೆ ನಾನು ಬೇಕಾಗಿತ್ತು ಅಂತ ನಂಗೆ ಹೊಳೀಲೇ ಇಲ್ಲ."

ಬೈಯಲು ಇನ್ನೂ ಬೇಕಾದಷ್ಟು ಉಳಿದಿತ್ತು ನನ್ನ ಹತ್ತಿರ. ಬಾಯಿಂದ ಬರಲಿಲ್ಲ. ಮತ್ತೆರಡು ಬಸ್ಸು ಬಂದುಹೋದವು, ಎರಡರಲ್ಲೂ ಅಕ್ಕನಿಲ್ಲ. ಪೊಲೀಸರಿಗೆ ಹೇಗೆ ಹೇಳುವುದು, ಮಗಳಿಗೆ ಯಾವ ಮುಖ ಇಟ್ಟುಕೊಂಡು ಫೋನ್ ಮಾಡುವುದು ಅಂತ ನಾನು ಮನಸ್ಸಿನಲ್ಲೇ ಲೆಕ್ಕ ಹಾಕುತ್ತಿದ್ದೆ.

"ಬಂತು!" ಅಂದರು ಭಾವ. ತಿರುವಿನಲ್ಲಿ ಬಸ್ಸಿನ ಮೂತಿಯಷ್ಟೇ ಕಂಡಿತ್ತು. ಎಲ್ಲ ಬಸ್ಸೂ ಒಂದೇ ಥರ ಇರುವ ಊರಿನಲ್ಲಿ ಅದೇ ಬಸ್ಸು ಅಂತ ಹೇಗೆ ಗೊತ್ತಾಯಿತೋ ಅವರಿಗೇ ಗೊತ್ತು.

ಬಸ್ಸು ಕಿಕ್ಕಿರಿದಿತ್ತು. ಜನ ನಿಂತಿದ್ದರು, ಒಬ್ಬರಿಗೊಬ್ಬರು ಒತ್ತಿಕೊಂಡು. ಮಧ್ಯದ ಕಿಟಕಿಯಲ್ಲಿ ನಮ್ಮಕ್ಕ! ಅಳುತ್ತಾ ಇರುತ್ತಾಳೆ ಅಂದುಕೊಂಡಿದ್ದೆ. ರಾಣಿಯ ಹಾಗೆ ನೆಟ್ಟಗೆ ಕೂತಿದ್ದಳು. ಅವಳ ಪಕ್ಕದ ಸೀಟು ಖಾಲಿ. ಅಷ್ಟು ಜನ ನಿಂತಿರುವ ಬಸ್ಸಿನಲ್ಲಿ ಆ ಒಂದು ಸೀಟು ಖಾಲಿ! ಅದರ ಮೇಲೆ ತನ್ನ ಕರ್ಚೀಫು ಹಾಸಿ, ನಾಲ್ಕೂ ಮೂಲೆ ನೀಟಾಗಿ ಎಳೆದು, ಮೇಲೊಂದು ಕೈ ಊರಿದ್ದಳು. ಕರ್ಚೀಫು ಹಾಕಿ ಸೀಟು ಹಿಡಿಯುವುದು ಅಂದರೇನು ಅಂತ ಆ ದೇಶದವರಿಗೆ ಹೇಗೆ ಗೊತ್ತಾಗಬೇಕು? ಅವರಿಗೆ ಅರ್ಥವಾಗಿದ್ದು ಅವಳ ಮುಖ. ಆ ಮುಖ ನೋಡಿ ಯಾರೂ ಕೂರುವ ಧೈರ್ಯ ಮಾಡಿರಲಿಲ್ಲ.

ಬಾಗಿಲು ತೆರೆಯಿತು. ಭಾವ ಅಭ್ಯಾಸದಂತೆ ಪಕ್ಕಕ್ಕೆ ಸರಿದು ಹಿಂದಿನವರಿಗೆ ದಾರಿ ಬಿಡಲು ಹೋದರು. ನಾನು ಎರಡೂ ಕೈಯಿಂದ ಬೆನ್ನಿಗೆ ಗುದ್ದಿ ಒಳಗೆ ತಳ್ಳಿದೆ.

ಜನರನ್ನು ದಾಟಿಕೊಂಡು ಹೋಗಿ ಅವಳ ಮುಂದೆ ನಿಂತರು. ಅಕ್ಕ ಕರ್ಚೀಫು ತೆಗೆದಳು.

"ಎಷ್ಟು ಹೊತ್ತು ಹಿಡ್ಕೊಂಡಿರೋದ್ರೀ? ಜನ ಬೈಕೊಳ್ತಿದ್ದಾರೆ ನನ್ನ. ಕೂತ್ಕೊಳ್ಳಿ."

ಕೂತರು. ಸೀಟಿನಲ್ಲಿ ಮೊಳೆ ಇದೆಯೇನೋ ಅನ್ನುವ ಹಾಗೆ ತುದಿಯಲ್ಲಿ ಕೂತರು. "ತಪ್ಪಾಯ್ತು ಕಣೇ," ಅಂದದ್ದು ನನಗೇ ಸರಿಯಾಗಿ ಕೇಳಿಸಲಿಲ್ಲ.

"ಒಂದು ಸ್ಟಾಪ್ ತನಕ ಅತ್ಬಿಟ್ಟೆ," ಅಂದಳು ಅಕ್ಕ ನನ್ನ ಕಡೆ ತಿರುಗಿ. "ಆಮೇಲೆ ಕಿಟಕಿ ಆಚೆ ನೋಡ್ದೆ, ಹೊಳೆ, ಸೇತುವೆ, ಏನ್ ಚೆಂದ ಇತ್ತು ಗೊತ್ತಾ! ಅಳೋದು ಮರ್ತೇಹೋಯ್ತು. ಲಾಸ್ಟ್ ಸ್ಟಾಪಲ್ಲಿ ಡ್ರೈವರ್ ಬಂದು ಏನೋ ಕೇಳ್ದ. 'ಯಜಮಾನ್ರು ಹಿಂದೆ ಉಳ್ಕೊಂಡಿದ್ದಾರಪ್ಪ, ವಾಪಸ್ ಹೋಗ್ತೀನಿ' ಅಂತ ಕೈ ತೋರಿಸ್ದೆ. ಪಾಪ, ಒಳ್ಳೆ ಹುಡುಗ, ಸುಮ್ನಾದ. ಕಾಫಿ ಕುಡ್ಕೊಂಡು ಬಂದು ಬಸ್ ತೆಗ್ದ."

ಮುಂದಿನ ಸ್ಟಾಪಿನಲ್ಲಿ ಕೈಚೀಲ ಹಿಡಿದ ಒಬ್ಬ ಮುದುಕಿ ಹತ್ತಿದಳು. ಭಾವನ ಮೊಣಕಾಲು ತನ್ನಷ್ಟಕ್ಕೆ ಮೇಲೆದ್ದಿತು. ಅಕ್ಕ ಅವರ ಅಂಗಿಯ ತೋಳನ್ನು ಹಿಡಿದುಕೊಂಡಳು. ನಾನು ಹೊಲಿದ ತೋಳು, ಹರಿಯುವ ಪೈಕಿಯಲ್ಲ. ಅಷ್ಟರಲ್ಲಿ ಮುದುಕಿಗೆ ಯಾರೋ ಜಾಗ ಬಿಟ್ಟರು. ಭಾವ ಅದನ್ನು ನೋಡಿದರು. ತಾವು ಎದ್ದು ನಿಲ್ಲದಿದ್ದರೂ ಬಸ್ಸು ನಡೆಯುತ್ತದೆ ಅನ್ನುವುದು ಅವರಿಗೆ ಆಗ ಹೊಳೆದಿರಬೇಕು. ಮೆಲ್ಲಗೆ ಹಿಂದಕ್ಕೆ ಸರಿದು, ಸೀಟಿಗೆ ಬೆನ್ನು ಕೊಟ್ಟರು. ಒಂದು ದೊಡ್ಡ ಉಸಿರು ಹೊರಗೆ ಬಂತು.

ಬಸ್ಸು ಹೊಳೆಯ ದಂಡೆಗೆ ಇಳಿಯಿತು. ಭಾವ ಅಕ್ಕನ ಆಚೆಗೆ ಕಿಟಕಿಯ ಹೊರಗೆ ನೋಡತೊಡಗಿದರು. ನೀರು, ದೋಣಿ, ದಂಡೆಯ ಮರಗಳು, ಮಹಡಿಗಳಲ್ಲಿ ಒಣಗಿಸಿದ ಬಟ್ಟೆ.

"ಕೂತ್ರೆ ಇಷ್ಟೆಲ್ಲಾ ಕಾಣುತ್ತೇನೇ?" ಅಂದರು. "ನಾನು ಇಷ್ಟು ವರ್ಷ ಬಸ್ಸಲ್ಲಿ ಜನರ ಕೈ ಬಿಟ್ಟು ಬೇರೆ ಏನೂ ನೋಡಿಲ್ಲ ಕಣೇ."

ನನ್ನ ಕಣ್ಣು ತುಂಬಿ ಬಂತು. ಬಸ್ಸಿನ ಧೂಳು ಅನ್ನೋಣವೆಂದರೆ ಆ ದರಿದ್ರ ಬಸ್ಸಿನಲ್ಲಿ ಧೂಳೂ ಇರಲಿಲ್ಲ.

ನಮ್ಮ ರೂಮಿನ ಸ್ಟಾಪು ಬಂತು. ನಾನು ಕೆಂಪು ಬಟನ್ ಒತ್ತಲು ಕೈಯೆತ್ತಿದೆ. ಭಾವ ಬೇಡ ಅಂತ ಸನ್ನೆ ಮಾಡಿದರು. "ಹೋಗ್ಲಿ ಬಿಡಮ್ಮ, ಕೊನೇ ತನಕ ಹೋಗೋಣ. ಹೋದ ಬಸ್ಸು ವಾಪಸ್ ಬರುತ್ತಲ್ಲ." ಹೂದೋಟದ ಮಾತು ಯಾರೂ ಎತ್ತಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅವರು ಅಕ್ಕನ ಕಿವಿಯ ಹತ್ತಿರ ಬಾಗಿ ಕೇಳಿದರು, "ಏ, ಸ್ವಲ್ಪ ಹೊತ್ತು ಕಿಟಕಿ ಪಕ್ಕ ನಾನು ಕೂರ್ಲಾ?"

"ಅದು ಮಾತ್ರ ಆಗಲ್ಲ," ಅಂದಳು ನಮ್ಮಕ್ಕ. ಅವಳು ಗಂಡನಿಗೆ ಇಲ್ಲ ಅಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. "ಈ ಸೀಟಿಗೆ ನಾನು ಮದುವೆ ಆದಾಗಿಂದ ಕಾಯ್ತಿದ್ದೀನಿ. ಬೇಕಾದ್ರೆ ನನ್ನ ಭುಜದ ಮೇಲಿಂದ ನೋಡಿ."

ಭಾವ ಅವಳ ಭುಜಕ್ಕೆ ಗಲ್ಲ ಊರಿ, ಅಲ್ಲಿಂದಲೇ ನೋಡಿದರು. ಅಕ್ಕ ಅಲುಗಾಡದೆ ಕೂತಿದ್ದಳು. ನನಗೆ ಸೀಟು ಸಿಗಲಿಲ್ಲ, ಕಂಬಿ ಹಿಡಿದು ನಿಂತೇ ಇದ್ದೆ, ಕಾಲು ನೋಯುತ್ತಿತ್ತು, ಆದರೂ ಬಸ್ಸು ಇನ್ನಷ್ಟು ದೂರ ಹೋಗಲಿ ಅನ್ನಿಸುತ್ತಿತ್ತು.